ಜೂನ್ ಒಂದರವರು

ಯಂತ್ರ ಬೈದಿದ್ದರೆ ಕಲ್ಯಾಣಪ್ಪನಿಗೆ ಇಷ್ಟು ಕಿರಿಕಿರಿಯಾಗುತ್ತಿರಲಿಲ್ಲ. ಅದು ಶನಿವಾರ ಮಧ್ಯಾಹ್ನದಿಂದ ಬೈಯುವುದನ್ನೇ ಬಿಟ್ಟಿತ್ತು. ಅದಕ್ಕೆ ಮೊದಲು ವಾರವಿಡೀ ಕಪ್ಪು ಪರದೆಯ ಮೇಲೆ ಒಂದೇ ಮಾತು, ಡೇಟಾ ಟೈಪ್ ಮಿಸ್‌ಮ್ಯಾಚ್. ಚಾ ಕುಡಿದು ಬಂದರೂ ಅದೇ, ಆರಿಸಿ ಮತ್ತೆ ಹಚ್ಚಿದರೂ ಅದೇ. ಕೂಡದ್ದನ್ನು ಕೂಡಿಸು ಅನ್ನುತ್ತೀ, ನನ್ನಿಂದ ಆಗುವುದಿಲ್ಲ ಎಂದು ಅದು ತನ್ನ ಭಾಷೆಯಲ್ಲಿ ಹೇಳುತ್ತಿತ್ತು, ಇವನು ಹಲ್ಲು ಕಚ್ಚಿಕೊಂಡು ಕೂಡಿಸುತ್ತಿದ್ದ. ಈಗ ಸೋಮವಾರ ಬೆಳಿಗ್ಗೆ ಆಳಂದದ ಬಸ್‌ಸ್ಟ್ಯಾಂಡಿನಿಂದ ಕಂಪ್ಯೂಟರ್ ಸೆಂಟರಿನ ಕಡೆ ನಡೆಯುತ್ತಿದ್ದಾಗ, ಮೇ ತಿಂಗಳ ಬಿಸಿಲು ಬೆನ್ನಿಗೆ ಹತ್ತಿದಂತೆಲ್ಲ ಆ ಮೌನದ ಮೇಲೆಯೇ ಅನುಮಾನ ಬರುತ್ತಿತ್ತು. ಜಗಳಗಂಟಿ ಅತ್ತೆ ಒಂದು ದಿನ ಸುಮ್ಮನಾದರೆ ಸೊಸೆಗೆ ಬರುವಂಥ ಅನುಮಾನ. ಏನೂ ಆಗಿಲ್ಲ, ಪಟ್ಟಿ ಹೋಗಿದೆ, ಅಧ್ಯಕ್ಷರ ಸಹಿಯೂ ಆಗಿದೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳಬೇಕಾಗಿ ಬಂದದ್ದೇ ಅವನಿಗೆ ಸರಿಬರಲಿಲ್ಲ.

ತಪ್ಪು ತನ್ನದಲ್ಲ, ಮೂರು ತಾಲೂಕಿನದು ಎಂದು ಅವನು ಯಾರಿಗೆ ಬೇಕಾದರೂ ವಾದಿಸಿ ತೋರಿಸಬಲ್ಲವನಾಗಿದ್ದ, ಕೇಳುವವರೊಬ್ಬರು ಸಿಕ್ಕಿದ್ದರೆ. ಊರಿನ ವಿದ್ಯಾವರ್ಧಕ ಸಂಘಕ್ಕೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಶಾಲೆಗಳಿದ್ದವು. ಈ ಸಲ ಶಿಕ್ಷಕಿಯರನ್ನು ತೆಗೆದುಕೊಳ್ಳುವುದಕ್ಕೆ ಅರ್ಜಿ ಕರೆದು, ಆರಿಸುವ ಕೆಲಸವನ್ನು ಮೊದಲ ಬಾರಿಗೆ ಕಂಪ್ಯೂಟರಿಗೆ ಕೊಟ್ಟರು. ಅರ್ಜಿಗಳನ್ನು ಆಯಾ ತಾಲೂಕಿನಲ್ಲಿಯೇ ಯಾರೋ ಕುಳಿತು ಹೊಡೆದು ಫ್ಲಾಪಿಯಲ್ಲಿ ಕಳಿಸಿದರು. ಹುಟ್ಟಿದ ತಾರೀಖಿನ ಜಾಗದಲ್ಲಿ ಇರುವುದು ತಾರೀಖೋ, ಅಕ್ಷರವೋ, ಅಂಕಿಯೋ ಎಂದು ಯಂತ್ರಕ್ಕೆ ಮೊದಲೇ ಹೇಳಿಡಬೇಕು. ಆಳಂದದ್ದು ಕಲ್ಯಾಣಪ್ಪನದೇ, ಅಲ್ಲಿ ತಾರೀಖು ತಾರೀಖಾಗಿಯೇ ಇತ್ತು. ಅಫಜಲಪುರದವನು ಅದನ್ನು ಹೆಸರು ಬರೆದ ಹಾಗೆ ಅಕ್ಷರವಾಗಿ ಬರೆದಿದ್ದ. ಜೇವರ್ಗಿಯವನಂತೂ ಅಡ್ಡಗೆರೆಗಳನ್ನೆಲ್ಲ ಕಿತ್ತು ಒಂದು ದೊಡ್ಡ ಅಂಕಿ ಮಾಡಿಟ್ಟಿದ್ದ. ಅಂಕಿಯ ಮುಂದೆ ಸೊನ್ನೆ ನಿಂತರೆ ಬೆಲೆಯಿಲ್ಲವೆಂದು ಯಂತ್ರ ಆ ಸೊನ್ನೆಗಳನ್ನು ನುಂಗಿ ಕುಳಿತಿತ್ತು. ಮೂರನ್ನೂ ಒಂದೇ ಪ್ರೋಗ್ರಾಮಿನ ಮುಂದೆ ಇಟ್ಟರೆ ಅದು ಬೈಯದೆ ಇನ್ನೇನು ಮಾಡೀತು. ಶನಿವಾರ ಮಾಲಕ ದೌಲತರಾಯ ಬೆನ್ನ ಹಿಂದೆ ನಿಂತು, ಸಂಘದವರ ಜೀಪು ಬಂದದ, ಜಲ್ದಿ, ಜಲ್ದಿ ಎಂದು ಕುತ್ತಿಗೆಯ ಮೇಲೆ ಉಸಿರು ಬಿಡುತ್ತಿದ್ದಾಗ, ಇವನು ಎಲ್ಲವನ್ನೂ ಅಕ್ಷರ ಮಾಡಿ, ನುಂಗಿದ ಸೊನ್ನೆ, ಕಿತ್ತ ಅಡ್ಡಗೆರೆ ಮತ್ತೆ ಹಚ್ಚಿ, ಆ ಅಕ್ಷರವನ್ನು ತಾರೀಖು ಎಂದು ಓದು ಅಂತ ಒಂದು ಸಾಲು ಬರೆದ. ಯಂತ್ರ ಸುಮ್ಮನಾಯಿತು. ಪ್ರಿಂಟರು ಗರಗರನೆ ಪಟ್ಟಿ ಉಗುಳಿತು. ಅಫಜಲಪುರದ ಕೆಲವರ ತಾರೀಖು ಖಾಲಿ ಬಂದದ್ದು ಕಣ್ಣಿಗೆ ಬಿದ್ದಿತ್ತು. ಆ ಮಗ ಹೊಡೆಯುವುದನ್ನೇ ಮರೆತಿದ್ದಾನೆ ಎಂದು ಬೈದು ಮುಂದೆ ಹೋಗಿದ್ದ.

ಸೆಂಟರು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ಮೆಟ್ಟಿಲ ಬುಡದಲ್ಲಿ, 'ಇಲ್ಲಿ ತಪ್ಪಿಲ್ಲದ ಕೆಲಸ ಮಾಡಿಕೊಡಲಾಗುವುದು' ಎಂಬ ಬೋರ್ಡಿನ ಕೆಳಗೆ, ಒಬ್ಬ ಹೆಣ್ಣುಮಗಳು ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಮುಖದಲ್ಲಿ ಬಸ್ಸಿನ ಧೂಳು. ಇವನನ್ನು ನೋಡಿದ್ದೇ ಎದ್ದಳು.

"ಕಲ್ಯಾಣಪ್ಪ ಅಂದ್ರ ನೀವೇ ಏನ್ರಿ? ಯಡ್ರಾಮಿ ದೊಡ್ಡಪ್ಪ ಮಾಸ್ತರ ಮಗ?"

"ಹೌದ್ರಿ. ಏನಾಗಬೇಕಿತ್ತು?"

"ನಾ ಸುಭದ್ರಾಬಾಯಿ ಅಂತರಿ. ಮಾಸ್ತರ ಕೈಯಾಗ ಕಲ್ತಾಕಿ. ನಿನ್ನೆ ಜೇವರ್ಗಿ ಸಾಲ್ಯಾಗ ಪಟ್ಟಿ ಹಚ್ಚ್ಯಾರ, ನನ್ನ ಹೆಸರೇ ಇಲ್ರಿ. ವಯಸ್ಸು ಮೀರ್ಯದ ಅಂತ ಬರದಾರ. ಮೀರಿಲ್ರಿ. ಮಾಸ್ತರು ಆರಾಮ ಅದಾರೇನ್ರಿ?"

"ಇಲ್ಲೇ ಆಳಂದದಾಗ ತೀರ್ಕೊಂಡು ಎರಡು ವರ್ಷ ಆತ್ರಿ."

ಅವಳು ಲೊಚಗುಟ್ಟಿದಳು. ದುಃಖ ನಿಜವೇ ಇತ್ತು, ಆದರೆ ಇದ್ದೊಂದು ವಶೀಲಿಯೂ ಹೋಯಿತಲ್ಲ ಎಂಬ ಮಂಕೂ ಅದರ ಜೊತೆಗೆ ಮುಖದ ಮೇಲೆ ಹಾದುಹೋಯಿತು, ಮತ್ತು ಅದನ್ನು ಗಮನಿಸಿದ್ದಕ್ಕೆ ಕಲ್ಯಾಣಪ್ಪ ತನ್ನ ಮೇಲೆಯೇ ಸಿಡುಕಿದ. ಮೇಲೆ ಬರ್ರಿ, ನೋಡೋಣ ಎಂದ. ಮೆಟ್ಟಿಲು ಹತ್ತುತ್ತಾ ಅವಳು ಹಿಂದಿನಿಂದ ಹೇಳುತ್ತಲೇ ಇದ್ದಳು: ಯಡ್ರಾಮಿಯಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಇಷ್ಟು ವರ್ಷ ಹಂಗಾಮಿ, ಬೇಸಿಗೆ ಬಂದರೆ ತೆಗೆಯುತ್ತಾರೆ, ಮಳೆ ಬಂದರೆ ಕರೆಯುತ್ತಾರೆ, ಸಂಘದವರು ಮತ್ತೆ ಯಾವಾಗ ಅರ್ಜಿ ಕರೆಯುತ್ತಾರೋ, ಆಗ ಹೇಗೂ ಮೂವತ್ತು ತುಂಬಿರುತ್ತದೆ, ಇದೇ ಕಡೆಯದು, ಸಂದರ್ಶನ ಇವತ್ತು ಸಂಜೆಯವರೆಗೆ ಮಾತ್ರ. ಕೊನೆಯ ಮಾತನ್ನು ಮಾತ್ರ ಅವಳು ಎರಡು ಸಲ ಹೇಳಿದಳು.

ದೌಲತರಾಯ ಆಗಲೇ ಬಂದು ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗುತ್ತಿದ್ದ. ಮೊದಲು ಇದೇ ಮಾಳಿಗೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದವನು, ಆರು ಟೈಪ್‌ರೈಟರು ಮಾರಿ ಒಂದು ಕಂಪ್ಯೂಟರ್ ತಂದಿದ್ದ. ಮಾರಿದ ಆರರ ಮೇಲಿನ ಮಮತೆಯೆಲ್ಲ ಇದೊಂದರ ಮೇಲೆ ಬಿದ್ದಿತ್ತು. ಹೆಣ್ಣುಮಗಳನ್ನು ನೋಡಿ, ವಿಷಯ ಕೇಳಿ, ಪರದೆಗೆ ಕೈಮುಗಿದು ನಕ್ಕ. "ಅವ್ವಾ, ಮನಷ್ಯಾ ತಪ್ಪು ಮಾಡ್ತಾನ. ಇದು ಮಾಡಂಗಿಲ್ಲ." ಕಲ್ಯಾಣಪ್ಪ ಕುಳಿತು ಅವಳ ಅರ್ಜಿ ತೆರೆದ. ಸುಭದ್ರಾಬಾಯಿ, ಯಡ್ರಾಮಿ, ಹುಟ್ಟಿದ್ದು ಜನವರಿ ಆರು, ಅರವತ್ತಾರು. ಈ ತೊಂಬತ್ತಾರರ ಏಪ್ರಿಲ್ ಒಂದಕ್ಕೆ ಮೂವತ್ತು ತುಂಬಿರಬಾರದು ಎಂಬುದು ನಿಯಮ. ಇವಳಿಗೆ ತುಂಬಿ ಮೂರು ತಿಂಗಳಾಗಿದೆ. ಲೆಕ್ಕ ಸರಿಯಿದೆಯಲ್ಲ ಎಂದು ಸಿಟ್ಟಿನಿಂದಲೇ ತಿರುಗಿ, "ನೋಡ್ರಿ, ಜನವರಿ ಆರು" ಎಂದ.

"ಜನವರಿ ಅಲ್ರಿ, ಜೂನ್. ಜೂನ್ ಒಂದು. ನಿಮ್ಮ ಅಪ್ಪಾರೇ ಬರದದ್ದು, ನಾ ಹ್ಯಾಂಗ ಮರೀಲಿ? ಯಡ್ರಾಮ್ಯಾಗ ಅವರ ಕೈಯಾಗ ಸಾಲಿ ಸೇರಿದವ್ರೆಲ್ಲಾ ಜೂನ್ ಒಂದ ಅಲ್ಲೇನ್ರಿ?"

ಕಲ್ಯಾಣಪ್ಪನ ಕಣ್ಣ ಮುಂದೆ ಯಡ್ರಾಮಿಯ ಶಾಲೆ ಬಂತು. ಬಿಳಿ ಟೋಪಿ, ತೋಳಿನ ಮೇಲೆ ಸೀಮೆಸುಣ್ಣದ ಪುಡಿ, ಕೈಯಲ್ಲಿ ಕರೀ ಮಸಿಯ ಪೆನ್ನು ಹಿಡಿದ ಅಪ್ಪ ಶಾಲೆಯ ಕಟ್ಟೆಯ ಮೇಲೆ ಕುಳಿತಿದ್ದಾನೆ. ಒಬ್ಬೊಬ್ಬ ತಾಯಿಯೂ ಮಗುವನ್ನು ಮುಂದೆ ನೂಕುತ್ತಾಳೆ. ಯಾವಾಗ ಹುಟ್ಯಾಳವ್ವಾ ಈಕಿ? ಜ್ವಾಳ ಹಾಲುಗಾಳಿದ್ದಾಗರಿ. ಭೀಮಾ ಹೊಳಿ ಬಂದು ಸೇತುವಿ ಮುಳುಗಿತ್ತಲ್ಲ, ಆಗರಿ. ಅವರಣ್ಣನ ಲಗ್ನದ ಮರುವರ್ಷರಿ. ಅಪ್ಪ ಇದನ್ನೆಲ್ಲ ತಾಳ್ಮೆಯಿಂದ ಕೇಳುತ್ತಾನೆ, ಏನೂ ಬರೆದುಕೊಳ್ಳುವುದಿಲ್ಲ. ಬಲಗೈ ತಲಿ ಮ್ಯಾಲಿಂದ ತಂದು ಎಡಗಿವಿ ಮುಟ್ಟವ್ವಾ ಅನ್ನುತ್ತಾನೆ. ಕಿವಿ ಸಿಕ್ಕಿತೋ, ವಯಸ್ಸು ಆರು. ತಾರೀಖು ಜೂನ್ ಒಂದು, ಶಾಲೆ ಶುರುವಾಗುವ ದಿನ. ಕಿವಿ ಸಿಗದಿದ್ದರೆ ಮುಂದಿನ ವರ್ಷ ಬಾ, ಆಗಲೂ ಜೂನ್ ಒಂದೇ. ತನ್ನ ಸ್ವಂತ ಮಗನಿಗೂ ಅದನ್ನೇ ಬರೆದ ಮನುಷ್ಯ. ನಾಗರಪಂಚಮಿಯ ಮರುದಿನ ಹುಟ್ಟಿದ್ದಾನಲ್ರೀ, ಅವನದಾದರೂ ಖರೇದು ಬರೀರಿ ಎಂದು ಅವ್ವ ಕೂಗಾಡಿದರೆ, ಊರ ಮಕ್ಕಳಿಗೊಂದು ನನ್ನ ಮಗನಿಗೊಂದು ಮಾಡಲೇನು ಅಂದಿದ್ದನಂತೆ. ಕಾಲೇಜಿಗೆ ಬಂದ ಮೇಲೆ ಕಲ್ಯಾಣಪ್ಪ ಇದಕ್ಕೆ ಅವನ ಜೊತೆ ಜಗಳವಾಡಿದ್ದ. ಅಪ್ಪ ಕನ್ನಡಕ ಒರೆಸುತ್ತಾ, ಕಾಲಮು ಖಾಲಿ ಬಿಡಾಂಗಿಲ್ಲೋ ತಮ್ಮಾ, ಏನರ ಒಂದು ಬರೀಬೇಕಲ್ಲ ಎಂದಷ್ಟೇ ಹೇಳಿದ್ದ. ಆ ಶಾಂತ ಸ್ವರ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಅವನು ತನ್ನದೇ ತಾರೀಖು ಹೊಡೆದ, ಅಫಜಲಪುರದವನ ಹಾಗೆ, ಅಕ್ಷರದಲ್ಲಿ: ಒಂದು, ಆರು, ಅರವತ್ತೆಂಟು. ತಾರೀಖು ಮಾಡು ಎಂದ. ಜನವರಿ ಆರು, ಅಂದಿತು ಯಂತ್ರ. ಆಗ ಹೊಳೆಯಿತು. ಈ ಪ್ರೋಗ್ರಾಂ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಮ್ಮ ರೀತಿ ಓದು ಎಂದು ಮೊದಲಲ್ಲಿಯೇ ಒಂದು ಸಾಲು ಹಾಕಬೇಕು. ಆಳಂದದ ಅರ್ಜಿ ಹೊಡೆಯುವಾಗ ಹಾಕಿದ್ದ. ಶನಿವಾರದ ಗಡಬಿಡಿಯಲ್ಲಿ ಹಾಕಿರಲಿಲ್ಲ. ಹೀಗಾಗಿ ಆಳಂದದವರೆಲ್ಲ ಸರಿಯಾಗಿ ಉಳಿದರು, ಉಳಿದೆರಡು ತಾಲೂಕಿನವರು ಐದು ತಿಂಗಳು ಮುದುಕರಾದರು. ಇಸವಿ ಅರವತ್ತಾರು ಇದ್ದವರು ಅಷ್ಟರಿಂದಲೇ ಹೊರಗೆ ಬಿದ್ದರು. ಇನ್ನು ಖಾಲಿ ಬಂದವು! ಇಪ್ಪತ್ತಮೂರನೇ ತಿಂಗಳು ಎಂಬುದು ಯಾವ ದೇಶದಲ್ಲಿಯೂ ಇಲ್ಲವಲ್ಲ. ಹದಿನೈದು, ಇಪ್ಪತ್ತಮೂರು ಎಂದು ನಿಜವಾದ ತಾರೀಖು ಬರೆಸಿದವರನ್ನು ಯಂತ್ರ ಹುಟ್ಟಿಯೇ ಇಲ್ಲ ಅಂದುಬಿಟ್ಟಿದೆ. ಬೇರೆ ಯಾವ ಸೀಮೆಯಲ್ಲಾದರೂ ಪಟ್ಟಿಯ ಅರ್ಧಕ್ಕರ್ಧ ಖಾಲಿ ಬಂದು ಅವತ್ತೇ ಸಿಕ್ಕಿಬೀಳುತ್ತಿದ್ದ. ಇಲ್ಲಿ ಎಲ್ಲರೂ ಜೂನ್ ಒಂದರವರು. ಅಪ್ಪ, ಮತ್ತು ಅಪ್ಪನಂಥ ನೂರಾರು ಮಾಸ್ತರರು, ಇವನ ತಪ್ಪನ್ನು ಇಪ್ಪತ್ತು ಇಪ್ಪತ್ತೈದು ವರ್ಷ ಮೊದಲೇ ಮುಚ್ಚಿಟ್ಟು ಹೋಗಿದ್ದರು. ಬೈಯಬೇಕೆಂದರೆ ಅಪ್ಪ ಇಲ್ಲ. ಅಫಜಲಪುರದವನನ್ನು ಬೈದದ್ದು ನೆನಪಾಗಿ ಇನ್ನಷ್ಟು ಅವಮಾನವಾಯಿತು.

"ತಪ್ಪಾಗ್ಯದ್ರಿ ಮಾಲಕರ," ಎಂದ. "ಪಟ್ಟಿ ತಪ್ಪದ. ಮಿಶನ್ ತಾರೀಖ ತಿರುಗಾಮುರುಗಾ ಓದ್ಯದ."

"ಕುಣೀಲಾರದಾಕಿ ನೆಲ ಡೊಂಕ ಅಂದ್ಳಂತ," ಎಂದ ದೌಲತರಾಯ. ಆಮೇಲೆ ಇವನ ಮುಖ ನೋಡಿ ಊದಿನಕಡ್ಡಿ ಕೆಳಗಿಟ್ಟ. "ನಿಂದೇನೋ ತಪ್ಪು?"

"ನಂದರಿ."

"ಸುಮ್ಕಿರು. ಅಧ್ಯಕ್ಷರ ಸಹಿ ಆಗ್ಯದ. ಮೂರು ತಾಲೂಕದಾಗ ಪಟ್ಟಿ ಹಚ್ಚ್ಯಾರ. ಈಗ ಹೋಗಿ ತಪ್ಪಾಗ್ಯದ ಅಂದ್ರ ನಾಳಿಂದ ಈ ಮೆಟ್ಟಿಲ ಯಾರು ಹತ್ತತಾರ? ಕೆಳಗ ಬೋರ್ಡ್ ಏನಂತದ, ಓದೀಯಿಲ್ಲೋ?" ದನಿ ತಗ್ಗಿಸಿ ಹೇಳುತ್ತಿದ್ದೇನೆಂದು ಅವನು ತಿಳಿದಿದ್ದ. ಬೆಂಚಿನ ಮೇಲೆ ಕುಳಿತ ಸುಭದ್ರಾಬಾಯಿ ಎಲ್ಲವನ್ನೂ ಕೇಳುತ್ತಿದ್ದಳು, ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕಣ್ಣು ಹಾಯಿಸುತ್ತಾ. ಅಮೆರಿಕವಾಗಲಿ ಸೊನ್ನೆಯಾಗಲಿ ಅವಳಿಗೆ ಬೇಕಿರಲಿಲ್ಲ; ಇವನು ಮನಸ್ಸು ಮಾಡುತ್ತಾನೋ ಇಲ್ಲವೋ ಎಂಬುದೊಂದನ್ನೇ ಅವಳು ಹುಡುಕುತ್ತಿದ್ದಳು. ಆ ನೋಟ ಕಲ್ಯಾಣಪ್ಪನಿಗೆ ಸಹಿಸಲಾಗಲಿಲ್ಲ. ಬಿಟ್ಟುಹೋದ ಸಾಲನ್ನು ಹಾಕಿದ, ಪ್ರೋಗ್ರಾಂ ಓಡಿಸಿದ, ಪ್ರಿಂಟರ್ ಹಚ್ಚಿದ. ಹೊಸ ಪಟ್ಟಿ ಹೊರಬರತೊಡಗಿತು. ಆಳಂದ ಮುಗಿದು ಅಫಜಲಪುರ ಶುರುವಾಗಿ ಒಂದೆರಡು ಹೆಸರು ಬಂದವು, ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ದೌಲತರಾಯ, ದೇವರೇ ತನ್ನ ಪಕ್ಷ ವಹಿಸಿದಂತೆ, ಎರಡೂ ಕೈ ಮೇಲೆತ್ತಿ ತೋರಿಸಿದ.

"ಸಂಜೀ ಮಟ ಬರಂಗಿಲ್ಲ ಇದು. ಇವತ್ತ ಸೋಮವಾರ, ಲೈನ್ ಬಂದ್ ದಿನ," ಎಂದ.

ಕಲ್ಯಾಣಪ್ಪ ಇದ್ದಷ್ಟು ಕಾಗದವನ್ನು ಹರಿದುಕೊಂಡ. "ಬರ್ರಿ," ಎಂದು ಸುಭದ್ರಾಬಾಯಿಗೆ ಹೇಳಿದ್ದು ಗದರಿದ ಹಾಗೆ ಕೇಳಿಸಿತು.

ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಜೋಡಿಸಿಕೊಂಡ. ಸರಳವಾಗಿ ಹೇಳಬೇಕು, ಸಾಹೇಬ್ರ, ನನ್ನ ತಪ್ಪಿನಿಂದ ಹೀಗಾಗಿದೆ, ಎಂದು ಮೊದಲೇ ಹೇಳಿಬಿಟ್ಟರೆ ಯಾರೂ ಏನೂ ಅನ್ನುವುದಿಲ್ಲ. ತಪ್ಪು ಒಪ್ಪಿಕೊಳ್ಳಲು ಹೊರಟ ತನ್ನ ಬಗ್ಗೆ ಸಣ್ಣ ಹೆಮ್ಮೆಯೂ ಮೂಡತೊಡಗಿತ್ತು, ಅದನ್ನು ಕಂಡು ನಾಚಿಕೆಯೂ ಆಯಿತು. ಹಿಂದಿನಿಂದ ಅವಳ ಚಪ್ಪಲಿಯ ಸಪ್ಪಳ ಬರುತ್ತಿತ್ತು. ಅವಳ ನೌಕರಿ ಹೋಗುವುದೋ ಉಳಿಯುವುದೋ ಎಂಬ ಹೊತ್ತಿನಲ್ಲಿ ತಾನು ತನ್ನ ಮುಖ ಹೇಗೆ ಕಾಣುತ್ತದೆ ಎಂದು ಯೋಚಿಸುತ್ತಿದ್ದೇನಲ್ಲ. ಅಪ್ಪನಾದರೆ ಏನೂ ಯೋಚಿಸದೆ ಹೋಗಿ ಹೇಳಿ ಬರುತ್ತಿದ್ದ. ಅಥವಾ ಹೋಗುತ್ತಲೇ ಇರಲಿಲ್ಲ.

ಸಂಘದ ಶಾಲೆಯ ವರಾಂಡದ ತುಂಬ ಹೆಣ್ಣುಮಕ್ಕಳು ಕುಳಿತಿದ್ದರು, ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸರ್ಟಿಫಿಕೇಟು. ಪಟ್ಟಿಯಲ್ಲಿದ್ದವರು ಒಳಬಾಗಿಲಿಗೆ ಹತ್ತಿರ. ಇಲ್ಲದವರು, ಆದರೂ ಬಂದವರು, ದೂರದ ಕಟ್ಟೆಯ ಹತ್ತಿರ ನಿಂತಿದ್ದರು. ಸುಭದ್ರಾಬಾಯಿಯನ್ನು ಬಾಗಿಲಲ್ಲಿ ನಿಲ್ಲಿಸಿ ಕಲ್ಯಾಣಪ್ಪ ಒಳಗೆ ಹೋದ. ಸಂಘದ ಕಾರ್ಯದರ್ಶಿ ಜಗದೇವಪ್ಪ ಮೇಜಿನ ಹಿಂದೆ ಕುಳಿತು ಬಸಿಯಲ್ಲಿ ಚಾ ಆರಿಸಿಕೊಳ್ಳುತ್ತಿದ್ದ. ತೊಗರಿ ವ್ಯಾಪಾರದ ಮನುಷ್ಯ, ಅಚ್ಚ ಬಿಳಿ ಧೋತರ, ಯಾರ ಮೇಲೂ ದನಿ ಏರಿಸಿದವನಲ್ಲ.

"ಬಾ ತಮ್ಮಾ, ಬಾ. ಎಂಥಾ ಛೊಲೊ ಪಟ್ಟಿ ತಗದೀಯೋ! ಚಾ ಕುಡೀತೀಯೇನು?"

"ಸಾಹೇಬ್ರ, ಪಟ್ಟಿ ತಪ್ಪದರಿ," ಎಂದು ಅವನು ಶುರುಮಾಡಿದ. ಜೋಡಿಸಿಕೊಂಡದ್ದೆಲ್ಲ ಬಾಗಿಲಲ್ಲಿಯೇ ಉದುರಿತ್ತು. ತಾರೀಖು, ಅಕ್ಷರ, ಅಂಕಿ, ಅಮೆರಿಕ ಎಂದು ಹಿಂದೆಮುಂದಾಗಿ ಹೇಳಿದ. ಜಗದೇವಪ್ಪ ಪೂರ್ತಿ ಕೇಳಿದ. ಇವನು ಮುಂದಿಟ್ಟ ಕಾಗದವನ್ನು ಎತ್ತಿ, ಕೊನೆಯ ಹೆಸರಿನ ಅರ್ಧದಲ್ಲಿ ನಿಂತಿದ್ದನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಇದು ಅರ್ಧ ಅದಲ್ಲೋ."

"ಕರೆಂಟ ಹೋತ್ರಿ."

"ಹಾಂ." ಬಸಿಯ ಚಾ ಗುಟುಕರಿಸಿದ. "ಅಮೆರಿಕಾದಾಗ ತಿಂಗಳ ಮೊದಲ ಬರೀತಾರ ಅಂದಿ. ಬರೀಲಿ. ನಮಗೂ ಅವರಿಗೂ ಏನು ಸಂಬಂಧ? ನೋಡು ತಮ್ಮಾ, ಈ ಕೆಲಸ ನಾವು ಮಿಶನ್ನಿಗೆ ಯಾಕ ಕೊಟ್ಟೀವಿ ಗೊತ್ತದೇನು? ಪ್ರತಿ ಸಲ ಅವ್ರ ಕಡಿಯವ್ರು ಇವ್ರ ಕಡಿಯವ್ರು ಅಂತ ನಮ್ಮ ಮನಿ ಮುಂದ ಜಾತ್ರಿ. ನಾ ಊಟ ಮಾಡಂಗಿಲ್ಲ, ನಿದ್ದಿ ಮಾಡಂಗಿಲ್ಲ. ಈ ಸಲ ಏನಂದೀವಿ? ಮಿಶನ್ ಹೇಳ್ಯದ. ಖಲಾಸ್. ಒಬ್ಬರು ತುಟಿ ಬಿಚ್ಚಲಿಲ್ಲ. ಈಗ ಮಿಶನ್ ತಪ್ಪು ಹೇಳ್ಯದ ಅಂತ ನಾನ ಹೋಗಿ ಹೇಳಲೇನು?"

"ಆದ್ರ ತಪ್ಪದಲ್ರಿ. ವಯಸ್ಸಿದ್ದವ್ರನ ಹೊರಗ ಹಾಕೇವ್ರಿ."

ಜಗದೇವಪ್ಪ ಬಸಿ ಕೆಳಗಿಟ್ಟು ಬಾಗಿಲ ಕಡೆ ನೋಡಿದ. ಅಲ್ಲಿ ಸುಭದ್ರಾಬಾಯಿಯ ಅರ್ಧ ಸೆರಗು ಕಾಣುತ್ತಿತ್ತು. ಅವನ ಮುಖದ ಮೇಲೆ ಬೆಳಕು ಹರಿಯಿತು, ಇಷ್ಟು ಹೊತ್ತಿನ ಒಗಟು ಬಿಚ್ಚಿಕೊಂಡವನಂತೆ ಮುಂದಕ್ಕೆ ಬಾಗಿ, ಪ್ರೀತಿಯಿಂದಲೇ ಕೇಳಿದ: "ಖರೆ ಹೇಳು. ಈಕಿ ನಿನಗ ಏನಾಗಬೇಕು?"

"ಏನೂ ಆಗಬೇಕಿಲ್ರಿ."

"ಏನೂ ಆಗಬೇಕಿಲ್ಲ?"

"ಇಲ್ರಿ."

"ಮತ್ಯಾಕ ತಲಿ ಕೆಡಿಸ್ಕೊಂಡೀ?" ಜಗದೇವಪ್ಪ ನಿಜವಾಗಿಯೂ ತಿಳಿಯದೆ ಕೇಳಿದ್ದ. ಅರ್ಧ ಪಟ್ಟಿಯನ್ನು ಮಡಚಿ ಇವನ ಕೈಗೆ ಕೊಟ್ಟ. "ಹೋಗು, ಬಿಸಿಲಾಗ ಬಂದೀ, ಒಂದೀಟು ಕುಂಡ್ರು ಹೊರಗ. ನೀರು ಕುಡಿ."

ಹೊರಗೆ ಬಂದು ಗೋಡೆಗೆ ಒರಗಿ ನಿಂತ. ಯಂತ್ರದ ಮುಂದೆ ಕಳೆದ ವಾರ ನೆನಪಾಯಿತು. ಕೊಟ್ಟದ್ದು ಸರಿಯಾಗಿದ್ದರೂ ಅದು ತೆಗೆದುಕೊಳ್ಳುತ್ತಿರಲಿಲ್ಲ, ಅದಕ್ಕೆ ಬೇಕಾದ ರೂಪದಲ್ಲಿ ಇಲ್ಲವೆಂದು. ಅದಾದರೂ ಬೈದು ಹೇಳುತ್ತಿತ್ತು; ಈ ಮುದುಕ ನೀರು ಕುಡಿ ಅನ್ನುತ್ತಾನೆ. ಸುಭದ್ರಾಬಾಯಿ ಏನೂ ಕೇಳಲಿಲ್ಲ. ಕೇಳದಿದ್ದದ್ದಕ್ಕೇ ಸಿಟ್ಟು ಬಂದು ಅವನೇ ಎಲ್ಲವನ್ನೂ ಜೋರಾಗಿ ಹೇಳತೊಡಗಿದ: ತಪ್ಪು ಹೇಗಾಯಿತು, ಯಾರ್ಯಾರು ಹೊರಗೆ ಬಿದ್ದರು, ಅರವತ್ತಾರನೇ ಇಸವಿಯವರು, ಖರೇ ತಾರೀಖು ಬರೆಸಿದವರು. ಕಟ್ಟೆಯ ಹತ್ತಿರ ನಿಂತವರು ಮಾತು ನಿಲ್ಲಿಸಿದರು. ಸುಭದ್ರಾಬಾಯಿ ಗಮನವಿಟ್ಟು ಕೇಳಿ, ಸೆರಗು ಬಾಯಿಗೆ ಹಿಡಿದು ಹೇಳಿದಳು:

"ಒಂದು ಮಾತು ಹೇಳಲೇನ್ರಿ? ನಮ್ಮವ್ವ ಹೇಳ್ತಿದ್ದಳು, ನಾ ಎಳ್ಳಮವಾಸ್ಯಿ ದಿನ, ಹೊಲದಾಗ ಭೂಮ್ತಾಯಿಗಿ ಎಡಿ ಮಾಡಿ ಚರಗ ಚೆಲ್ಲಿ ಬಂದ ರಾತ್ರಿ ಹುಟ್ಟಿದೆ ಅಂತ. ಅದು ಜನವರಿ ಸುಮಾರಿಗೇ ಬರ್ತದಲ್ರಿ. ಮಿಶನ್ನಿಗೆ ಅದು ಹ್ಯಾಂಗ ಗೊತ್ತಾತ್ರಿ?"

ಅವನು ಅವಳನ್ನೇ ನೋಡಿದ. ಅವಳು ಹೆದರಿದ್ದಳು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಆಳಂದದ ಮಾಳಿಗೆಯ ಮೇಲಿನ ಪೆಟ್ಟಿಗೆಯೊಂದು ಕಂಡುಹಿಡಿಯಿತೆಂದು ಮನಸಾರೆ ಹೆದರಿದ್ದಳು. ನಿನ್ನೆಯಿಂದ ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೊರಗಿದ್ದಿರಬೇಕು. ಕಲ್ಯಾಣಪ್ಪನಿಗೆ ನಗು ಬಂತು, ಅಳುವೂ ಬಂತು, ಎರಡೂ ಸೇರಿ ರೇಗಾಟವಾಗಿ ಹೊರಬಿತ್ತು. "ಮಿಶನ್ನಿಗೆ ಏನೂ ಗೊತ್ತಿಲ್ರಿ! ಏನಂದ್ರ ಏನೂ ಗೊತ್ತಿಲ್ಲ! ಸಾಲಿ ಸರ್ಟಿಫಿಕೇಟಿನ್ಯಾಗ ಜೂನ್ ಒಂದದ, ಸರಕಾರಕ್ಕೂ ಸಂಘಕ್ಕೂ ನೀವು ಹುಟ್ಟಿದ್ದು ಅವತ್ತೇ. ಎಳ್ಳಮವಾಸ್ಯಿ ಮಾತು ಒಳಗ ಹೋಗಿ ಆಡಬ್ಯಾಡ್ರಿ ಮತ್ತ." ಯಾವುದಕ್ಕಾಗಿ ಬಡಿದಾಡುತ್ತಿದ್ದಾನೆಂಬುದು ಅವನಿಗೇ ಅರೆಗಳಿಗೆ ಮಸುಕಾಯಿತು. ತಪ್ಪಾಗಿ ಓದಿದ ತಾರೀಖೇ ಅವಳ ಹುಟ್ಟಿಗೆ ಹತ್ತಿರ. ಸರಿಯಾಗಿ ಓದಬೇಕಾದದ್ದು ತನ್ನಪ್ಪ ಕಾಲಮು ತುಂಬಿಸಲು ಬರೆದದ್ದು. ಆದರೆ ಅವಳಿಗೆ ಕೊಟ್ಟಿದ್ದು ಅದೊಂದೇ. ಅಪ್ಪ ಊರಿಗೆಲ್ಲ ಕೊಟ್ಟ ಒಂದು ಮಾತು ಅದು, ಅವಳು ಅದನ್ನು ನಂಬಿ ಇಷ್ಟು ದೂರ ಬಂದಿದ್ದಾಳೆ. ಅಪ್ಪನ ಮೇಲಿನ ಸಿಟ್ಟು ಇಳಿಯಲಿಲ್ಲ. ಆದರೂ ಆ ಮಾತು ಸುಳ್ಳಾಗಬಾರದು ಎಂದು ಮೊದಲ ಸಲ, ಬಲವಾಗಿ, ಅನ್ನಿಸಿತು.

ಅವನು ತಿರುಗಿ ಒಳಗೆ ಹೋದ.

"ಸಾಹೇಬ್ರ, ಆಕಿ ನನಗ ಅಕ್ಕ ಆಗಬೇಕ್ರಿ."

ಜಗದೇವಪ್ಪನ ಮುಖ ಅರಳಿತು. "ಹಾಂಗನ್ನು! ಮೊದಲ ಹೇಳಬಾರದೇನೋ ಹುಚ್ಚಾ? ಅಮೆರಿಕಾ ಗಿಮೆರಿಕಾ ಅಂತ ಊರೆಲ್ಲಾ ತಿರುಗಿಸಿದಿ." ಪೆನ್ನಿನ ಟೋಪಿ ತೆಗೆದು, ಅವಳ ಹೆಸರು ಕೇಳಿ ಸಹಿಯಾದ ಪಟ್ಟಿಯ ಕೊನೆಯಲ್ಲಿ ತನ್ನ ಕೈಯಿಂದ ಬರೆದ, ಪಕ್ಕದಲ್ಲಿ ಸಣ್ಣ ಸಹಿ ಹಾಕಿದ. "ದೊಡ್ಡಪ್ಪ ಮಾಸ್ತರ ಮಗಳು ಅಂದ್ರ ನಮ್ಮ ಮನಿ ಮಗಳಿದ್ದಂಗ. ಒಳಗ ಕಳಸು." ಎಷ್ಟು ಸುಲಭವಾಗಿತ್ತೆಂದರೆ ಕಲ್ಯಾಣಪ್ಪನಿಗೆ ಅಲ್ಲಿ ಇನ್ನೂ ಯಾಕೆ ನಿಂತಿದ್ದೇನೆಂದು ತಿಳಿಯಲಿಲ್ಲ. ವಾರವಿಡೀ ಹುಡುಕಿದ ಸಾಲು ಇದೊಂದೇ ಆಗಿತ್ತೇನೋ.

ಹೊರಗೆ ಹೇಳಿದಾಗ ಸುಭದ್ರಾಬಾಯಿಯ ಕಣ್ಣು ತುಂಬಿದವು. "ನಿಮ್ಮ ಉಪಕಾರ ನಾ ಮರಿಯಂಗಿಲ್ರಿ," ಎಂದು ಕೈ ಮುಗಿದಳು.

"ಉಪಕಾರ ಅಲ್ರಿ ಅದು! ನಿಮ್ಮ ಹಕ್ಕು ಅದು, ಹಕ್ಕು!"

"ಹೌದ್ರಿ, ಹೌದ್ರಿ," ಎಂದಳು ಅವಳು ಗಾಬರಿಯಾಗಿ, ಈ ಹೊತ್ತಿನಲ್ಲಿ ಇವನ ಯಾವ ಮಾತಿಗೂ ಎದುರಾಡಬಾರದೆಂದು. ಮುಗಿದ ಕೈ ಹಾಗೆಯೇ ಇಟ್ಟುಕೊಂಡು ಒಳಗೆ ಹೋದಳು. ನೌಕರಿ ಸಿಕ್ಕರೆ ಮೊದಲ ಪಗಾರದಲ್ಲಿ ಇವನ ಮನೆಗೆ ಬಟ್ಟೆ ತರುತ್ತಾಳೆ, ಅವನಿಗೆ ಗೊತ್ತಿತ್ತು. ಬದುಕಿರುವವರೆಗೆ ಇದನ್ನು ಉಪಕಾರ ಎಂದೇ ಹೇಳುತ್ತಾಳೆ. ಮನೆಗೆ ಹೋಗಿ ಮಲಗಿಬಿಡಬೇಕು ಅನ್ನಿಸಿತು.

"ತಮ್ಮಾ, ನಂದೂ ಹೋಗ್ಯದ್ರಿ."

ಕಟ್ಟೆಯ ಹತ್ತಿರ ನಿಂತವರಲ್ಲಿ ಒಬ್ಬಳು ಮುಂದೆ ಬಂದಿದ್ದಳು. ಕಪ್ಪು ಬುರಖಾ, ಮುಖದ ಪರದೆ ಹಿಂದಕ್ಕೆ ಹಾಕಿದ್ದಳು, ಬಿಸಿಲಿಗೆ ಮುಖ ಕೆಂಪಾಗಿತ್ತು. ಅಫಜಲಪುರದ ಕುಲಸುಮಬಿ ಎಂದು ಹೇಳಿಕೊಂಡಳು. ಸರ್ಟಿಫಿಕೇಟನ್ನು ಚೀಲದಿಂದ ತೆಗೆದು ಇವನ ಕಣ್ಣಿಗೆ ಹಿಡಿದಳು: ಇಪ್ಪತ್ತಮೂರು, ಎಂಟು, ಅರವತ್ತೇಳು. ಶನಿವಾರ ಖಾಲಿ ಬಂದಿದ್ದ ತಾರೀಖುಗಳಲ್ಲಿ ಒಂದು.

"ವಯಸ್ಸಿಗಿ ಏನೂ ಕಮ್ಮಿಜಾಸ್ತಿ ಇಲ್ರಿ ನಂದು. ಜನ್ಮ ದಿನಾಂಕ ಇಲ್ಲ ಅಂತ ಬರದಾರ. ನಮ್ಮ ಅಬ್ಬಾ ದವಾಖಾನಿ ಚೀಟಿ ಹಿಡಕೊಂಡು ಹೋಗಿ ಮಾಸ್ತರ ಜೋಡಿ ಜಗಳಾಡಿ ಖರೇ ತಾರೀಖ ಬರಸ್ಯಾರ್ರಿ. ನೀವು ಈಗ ಹೇಳಿದ್ದು ಕೇಳಿಸ್ಕೊಂಡೆ. ಎಲ್ಲಾರಂಗ ಜೂನ್ ಒಂದು ಬರಸಿದ್ರ ನಂದು ಉಳೀತಿತ್ತೇನ್ರಿ?"

ಉಳಿಯುತ್ತಿತ್ತು ಎಂಬುದೇ ಉತ್ತರ. ಅವಳ ಹಿಂದೆ ಇನ್ನೂ ಕೆಲವರು ಕಟ್ಟೆ ಬಿಟ್ಟು ಹತ್ತಿರ ಬಂದಿದ್ದರು. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಸುಭದ್ರಾಬಾಯಿ ಮಾಳಿಗೆಯಲ್ಲಿ ನೋಡಿದ ಹಾಗೆಯೇ. ಕಲ್ಯಾಣಪ್ಪ ಮಡಚಿದ ಅರ್ಧ ಪಟ್ಟಿಯನ್ನು ಜೇಬಿಗೆ ತುರುಕಿದ. "ಬರ್ರಿ ನನ್ನ ಜೋಡಿ," ಎಂದ.

ಒಳಗೆ ಸುಭದ್ರಾಬಾಯಿ ಗೋಡೆಯ ಬದಿಯ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಜಗದೇವಪ್ಪ ಪೆನ್ನಿಗೆ ಟೋಪಿ ಹಾಕುತ್ತಿದ್ದವನು ತಲೆ ಎತ್ತಿದ.

"ಸಾಹೇಬ್ರ," ಎಂದ ಕಲ್ಯಾಣಪ್ಪ, "ಇವ್ರೂ ನನಗ ಅಕ್ಕ ಆಗಬೇಕ್ರಿ."

ಜಗದೇವಪ್ಪ ಇವನ ಹಣೆಯ ವಿಭೂತಿ ನೋಡಿದ, ಹಿಂದೆ ನಿಂತ ಬುರಖಾ ನೋಡಿದ.

"ಹೌದ್ರಿ," ಎಂದಳು ಕುಲಸುಮಬಿ ಹಿಂದಿನಿಂದ, ಒಂದಿಷ್ಟೂ ಅಳುಕದೆ. "ತಮ್ಮ ಆಗಬೇಕ್ರಿ ನನಗ."

ಜಗದೇವಪ್ಪ ಪೆನ್ನನ್ನು ಮೇಜಿನ ಮೇಲಿಟ್ಟ. ಬಾಗಿಲ ಆಚೆ ಚಪ್ಪಲಿಗಳು ಸರಿದಾಡುವ ಸಪ್ಪಳವಾಗುತ್ತಿತ್ತು. ಅವನು ಕತ್ತು ಚಾಚಿ ಅತ್ತ ನೋಡಿ, ಇವನ ಕಡೆ ತಿರುಗಿದ. ಮೊದಲ ಸಲ ಅವನ ದನಿಯಲ್ಲಿ ಪ್ರೀತಿ ಇರಲಿಲ್ಲ.

"ಇನ್ನೂ ಎಷ್ಟು ಮಂದಿ ಅಕ್ಕಗೋಳು ಅದಾರೋ ನಿನಗ?"

"ಕರೆಂಟ ಬರಲಿರಿ," ಎಂದ ಕಲ್ಯಾಣಪ್ಪ. "ಅಷ್ಟೂ ಹೆಸರು ಪ್ರಿಂಟ ತಗದು ತರ್ತೇನಿ."